ಎದುರು ಮನೆ ನೋಡಿಕೊಂಡು ಐದು ಸಾಲು

ದಿನಾ ಒಂದು ಕೆಲಸವನ್ನು ತಪ್ಪದೆ ಮಾಡುತ್ತೇನೆ ಎನ್ನುವವರನ್ನು ನಾನು ನಂಬುವುದಿಲ್ಲ. ದಿನಾ ಓಡುತ್ತೇನೆ ಎನ್ನುವವರ ಹೊಟ್ಟೆ ನೋಡುತ್ತೇನೆ. ದಿನಾ ಧ್ಯಾನ ಮಾಡುತ್ತೇನೆ ಎನ್ನುವವರು ಹಾಲು ಉಕ್ಕಿದಾಗ ಏನನ್ನುತ್ತಾರೆ ಎಂದು ಕಿವಿಗೊಡುತ್ತೇನೆ. ಹಾಗಾಗಿ ಹುಣಸೂರಿನ ನನ್ನ ಗೆಳತಿ ಸುನಂದ ಫೋನ್ ಮಾಡಿ, "ದಿನಾ ಐದೇ ಐದು ಸಾಲು ಬರಿಯೇ ಭಾಗ್ಯ, ಅಭ್ಯಾಸ ಆಗೋಗುತ್ತೆ" ಅಂದಾಗ ನನಗೆ ಮೊದಲು ಬಂದದ್ದು ಅನುಮಾನ. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವಳು, ನಿಜ. ಆದರೆ ಹಿಂದೊಮ್ಮೆ ಹೀಗೇ ಪ್ರೀತಿಯಿಂದ ಫೋನ್ ಮಾಡಿ ತೂಕ ಇಳಿಸುವ ಪುಡಿ ಮಾರಿದವಳೂ ಅವಳೇ. ಈ ಸಲ ಏನು ಮಾರುತ್ತಾಳೋ ಎಂದು ಕಾದೆ. ಏನನ್ನೂ ಮಾರಲಿಲ್ಲ. ಅನುಮಾನ ಇನ್ನೂ ಹೆಚ್ಚಾಯಿತು.

ಅವಳ ನಿಯಮ ಸರಳ. ಮೊಬೈಲಿನಲ್ಲಿ ಬರೆಯಬೇಕು. ಓದುವವರು ಬೆರಳಿನಿಂದ ಮೇಲಕ್ಕೆ ತಳ್ಳಬೇಕಾದಷ್ಟು ಉದ್ದ ಇರಬಾರದು. ಬರೆದು ಅವಳಿಗೆ ಕಳಿಸಬೇಕು, ಅವಳೂ ನನಗೆ ಕಳಿಸುತ್ತಾಳೆ. ಮೊದಮೊದಲು ನಾನು ಬರೆದದ್ದು ಸೂರ್ಯೋದಯ. ಓದಿ ನೋಡಿದರೆ ಗುಲಾಬಿ ಹೂವಿನ ಚಿತ್ರದ ಜೊತೆ ಬರುವ ಶುಭೋದಯದ ಮೆಸೇಜಿನಂತಿತ್ತು. "ಇದನ್ನ ನೀನು ನೋಡಿ ಬರೆದ್ಯಾ, ಇಲ್ಲ ಯಾರೋ ಕಳಿಸಿದ್ದನ್ನ ಮುಂದಕ್ಕೆ ತಳ್ಳಿದ್ಯಾ? ಕಣ್ಣೆದುರು ಇರೋದನ್ನ ಬರಿ" ಎಂದಳು ಸುನಂದ. ಅವಳಿಗೂ ನನ್ನ ಮೇಲೆ ಅನುಮಾನವಿದೆ ಎಂದು ಗೊತ್ತಾಗಿ ಸ್ವಲ್ಪ ಸಮಾಧಾನವಾಯಿತು.

ಕಣ್ಣೆದುರು ಇರುವುದು ಎಂದರೆ ಏನು? ಹೊಸ ಅಗ್ರಹಾರದ ಆಚೆಗಿನ ನಮ್ಮೂರಲ್ಲಿ, ನಮ್ಮ ಮನೆ ಜಗುಲಿಯ ಮೇಲೆ ಬೆಳಗಿನ ಕಾಫಿ ಹಿಡಿದು ಕೂತರೆ ಕಣ್ಣೆದುರು ಇರುವುದು ರತ್ನಕ್ಕನ ಮನೆ ಬಾಗಿಲು. ರತ್ನಕ್ಕ ನನ್ನ ವಾರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಆ ಬಾಗಿಲಲ್ಲಿ ಏನಾದರೂ ನಡೆಯುತ್ತಲೇ ಇರುತ್ತದೆ. ನಾನು ತಲೆ ಎತ್ತಿ ನೋಡುವುದು, ತಲೆ ಬಗ್ಗಿಸಿ ಒತ್ತುವುದು, ಮತ್ತೆ ನೋಡುವುದು, ಮತ್ತೆ ಒತ್ತುವುದು. ಒಂದು ದಿನ ರತ್ನಕ್ಕ ಸೆಗಣಿ ನೀರಿನ ಬಕೆಟ್ ಕೆಳಗಿಟ್ಟು ಕೇಳಿದಳು.

"ಏನಮ್ಮಿ, ನಮ್ಮನೆ ಕಡೆ ನೋಡ್ಕಂಡು ನೋಡ್ಕಂಡು ಒತ್ತಿಯಲ್ಲ, ಏನದು?"

"ಏನಿಲ್ಲ ಕಣಕ್ಕ, ಸುಮ್ನೆ" ಅಂದೆ.

ಕನ್ನಡದಲ್ಲಿ ಇಷ್ಟು ಅನುಮಾನ ಹುಟ್ಟಿಸುವ ಪದ ಇನ್ನೊಂದಿರಲಾರದು. ಸುಮ್ಮನೆ ಎಂದರೆ ಮಾತಿಲ್ಲದೆ ಎಂದೂ ಹೌದು, ಕಾರಣವಿಲ್ಲದೆ ಎಂದೂ ಹೌದು. ಸುಮ್ಮನೆ ಬಂದೆ ಎಂದವರು ಕೈಸಾಲಕ್ಕೆ ಬಂದಿರುತ್ತಾರೆ, ಸುಮ್ಮನೆ ಕೇಳಿದೆ ಎಂದವರು ಸಂಬಂಧ ಕುದುರಿಸಲು ಕೇಳಿರುತ್ತಾರೆ. ಐದು ಸಾಲು ಬರೆಯುವ ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ ಎಂದು ನೇರವಾಗಿ ಹೇಳಬಹುದಿತ್ತು. ನಾಚಿಕೆಯಾಯಿತು. ಈ ವಯಸ್ಸಿನಲ್ಲಿ ಕಾಪಿ ಬರೆಯುತ್ತಿದ್ದೇನೆ ಎಂದು ಹೇಳಿದ ಹಾಗೆ.

ಅದೇ ವಾರ ರತ್ನಕ್ಕ ಹಿತ್ತಿಲಿನ ತೆಂಗಿನಕಾಯಿ ಕೆಡವಿಸಿದಳು. ಹಿತ್ತಿಲು ಎರಡೂ ಮನೆಗೆ ಸೇರಿದ್ದು, ಆ ಮರಗಳು ಇನ್ನೂ ಪಾಲಾಗಿಲ್ಲ. ಅದರಲ್ಲಿ ತನಗೂ ಬರಬೇಕು ಎಂದು ಪಿರಿಯಾಪಟ್ಟಣಕ್ಕೆ ಕೊಟ್ಟಿರುವ ನಮ್ಮ ನಾದಿನಿ ಬಹಳ ದಿನದಿಂದ ಹೇಳುತ್ತಿದ್ದಾಳೆ. ಕಾಯಿ ಕೆಳಗೆ ಬಿದ್ದ ಮಧ್ಯಾಹ್ನವೇ ರತ್ನಕ್ಕನಿಗೆ ಅವಳ ಫೋನ್ ಬಂತು: "ಕಾಯಿ ಕೆಡವಿಸಿದ್ರಂತಲ್ಲ, ನನ್ನ ಪಾಲು ಎಲ್ಲಿ?" ಸುದ್ದಿ ಅಷ್ಟು ಬೇಗ ಮುಟ್ಟಿದ್ದು ಹೇಗೆ? ನೋಡಿಕೊಂಡು ನೋಡಿಕೊಂಡು ಒತ್ತುವವಳೊಬ್ಬಳು ಎದುರಿಗೇ ಇದ್ದಾಳಲ್ಲ.

ಮರುದಿನದಿಂದ ಎರಡು ಮನೆಯ ನಡುವೆ ಓಡಾಡುತ್ತಿದ್ದ ಸಾರಿನ ಬಟ್ಟಲು ನಿಂತುಹೋಯಿತು. ನಾನು ಜಗುಲಿಗೆ ಬರುವ ಹೊತ್ತಿಗೆ ಸರಿಯಾಗಿ ರತ್ನಕ್ಕ ತನ್ನ ಬಾಗಿಲ ಮುಂದೆ ಹಗ್ಗ ಕಟ್ಟಿ ಹಾಸಿಗೆಯ ಬೆಡ್‌ಶೀಟು ಒಣಹಾಕುತ್ತಿದ್ದಳು. ನಾನು ಬೆಡ್‌ಶೀಟಿನ ಬಗ್ಗೆ ಬರೆದೆ. ನಮ್ಮ ಯಜಮಾನರು ಹೇಳಿದರು, "ನಿಂಗ್ ಬೇಕಿತ್ತಾ ಇದು? ನಿಲ್ಸ್ಬುಡು." ಸ್ವಲ್ಪ ಹೊತ್ತು ಬಿಟ್ಟು, "ನನ್ ಮ್ಯಾಲೂ ಏನಾರ ಬರ್ದಿದ್ದೀಯ?" ಎಂದರು.

ನಮ್ಮೂರ ದೇವಸ್ಥಾನದ ಪಕ್ಕ ಒಂದು ಹಳೆಯ ಶಾಸನದ ಕಲ್ಲಿದೆ. ಚಿಕ್ಕದಾಗಿ ಬರೆಯುವುದನ್ನು ಅದನ್ನು ಬರೆಸಿದವರಿಂದ ಕಲಿಯಬೇಕು. ಕಲ್ಲಲ್ಲಿ ಕೆತ್ತುವವನಿಗೆ ಹರಟುವ ಮನಸ್ಸಾಗುವುದಿಲ್ಲ. ಇಂಥ ಜಮೀನು ಇಂಥವರಿಗೆ ಕೊಟ್ಟೆ, ಅಷ್ಟೆ. ಆದರೆ ಕೊನೆಯಲ್ಲಿ, ಇದಕ್ಕೆ ತಪ್ಪಿದವರಿಗೆ ಮಹಾಪಾಪ ಬರಲಿ ಎಂದು ಶಾಪ ಹಾಕದೆ ಅವರು ಉಳಿ ಕೆಳಗಿಡುತ್ತಿರಲಿಲ್ಲ. ಬರೆದವರಿಗೂ ಓದುವವರ ಮೇಲೆ ಅನುಮಾನ ಇತ್ತು ಎಂದಾಯಿತು. ನನ್ನದು ಉಲ್ಟಾ ಆಗಿತ್ತು, ಬರೆಯುವವಳ ಮೇಲೇ ಅನುಮಾನ. ನಾನು ಬರೆಯುವುದನ್ನು ನಿಲ್ಲಿಸಲಿಲ್ಲ. ಮೊಂಡುತನವೋ, ಬೇಜಾರಿಗೆ ಬೇರೆ ದಾರಿ ಇರಲಿಲ್ಲವೋ, ಈಗಲೂ ತಿಳಿಯದು.

ಒಂದು ಮಧ್ಯಾಹ್ನ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ರತ್ನಕ್ಕ ನೇರವಾಗಿ ಒಳಗೇ ಬಂದಳು.

"ಕೊಡು ಇಲ್ಲಿ ಫೋನ. ನಾದ್ನಿಗೆ ಏನೇನ್ ಬರ್ದಿದ್ದೀಯೋ ನೋಡ್ಬೇಕು."

"ನಾದ್ನಿಗಲ್ಲ ಕಣಕ್ಕ. ಓದ್ತೀನಿ, ಕೇಳು."

"ನೀನ್ ಓದ್ಬ್ಯಾಡ. ಬೇಕಾದ್ದ ಓದಿ, ಬ್ಯಾಡದ್ದ ಬುಟ್ಬುಡ್ತೀಯ. ನಾನೇ ಓದ್ಕತೀನಿ."

ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಭಾವನ ಕನ್ನಡಕ ತೆಗೆದು ಹಾಕಿಕೊಂಡಳು. ತುಟಿ ಅಲ್ಲಾಡಿಸುತ್ತಾ ಓದತೊಡಗಿದಳು. ಮೊದಲು ಸಿಕ್ಕಿದ್ದು ಇದು: "ರತ್ನಕ್ಕನ ಮನೆ ಮುಂದೆ ಕಾಗೆ ಬಂದು ಕೂತಿತು. ರತ್ನಕ್ಕ ಬೈದಳು. ಇನ್ನೂ ಜೋರಾಗಿ ಬೈದಳು. ಕಾಗೆ ಹೋಗಲಿಲ್ಲ. ಒಳಗಿದ್ದ ಭಾವ ಎದ್ದು ಗದ್ದೆಗೆ ಹೋದರು."

ರತ್ನಕ್ಕನ ಬಾಯಿ ಒಂದು ಥರ ಆಯಿತು. ನಗು ತಡೆದಳೋ ಸಿಟ್ಟು ತಡೆದಳೋ ಹೇಳಲಾರೆ. "ಇದ್ರಲ್ಲಿ ತೆಂಗಿನ್ಕಾಯಿ ಎಲ್ಲದೆ?" ಎಂದಳು.

"ಎಲ್ಲೂ ಇಲ್ಲ ಕಣಕ್ಕ."

ನಂಬದೆ ಒಂದೊಂದನ್ನೂ ಓದಿದಳು. ಕೊನೆಗೆ ಒಂದು ಕಡೆ ಬೆರಳು ನಿಂತಿತು: "ಇವತ್ತೂ ಎದುರು ಮನೆಯಿಂದ ಬಟ್ಟಲು ಬರಲಿಲ್ಲ. ಉಪ್ಸಾರು ಮಾಡಿದ್ದೆ. ಉಪ್ಪು ಹೆಚ್ಚಾಗಿತ್ತೋ ಏನೋ. ಇವರು ತಲೆ ಎತ್ತದೆ ಉಂಡರು. ಹೇಳುವವರಿಲ್ಲ."

ಅದನ್ನು ಓದಲು ಐದು ಸಾಲಿಗೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು. ಫೋನ್ ನೆಲದ ಮೇಲಿಟ್ಟಳು. "ನಿಂದು ಉಪ್ಪು ಯಾವಾಗ್ಲೂ ಜಾಸ್ತೀನೇ ಕಣಮ್ಮಿ" ಅಂದವಳು ಕಾಲು ಮಡಚಿ ಕೂತು, ಅವರೆಕಾಯಿಯ ರಾಶಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಇಬ್ಬರೂ ಬಿಡಿಸುತ್ತಿದ್ದೆವು. "ಅಂಗಾರೆ ಅವ್ಳಿಗೆ ಯೋಳ್ದೋರ್ ಯಾರು?" ಎಂದು ಕೇಳುತ್ತಲೇ ರತ್ನಕ್ಕನ ಕೈ ನಿಂತಿತು. "ಅವತ್ತು ನಿಮ್ ಭಾವ ಫೋನಲ್ಲಿದ್ರು. 'ಈ ಸತಿ ಕಾಯಿ ಚೆಂದಾಗ್ ಬಂದವೆ ಕಣವ್ವ' ಅಂತಿದ್ರು. ನಾನು ಯಾರೋ ಯಾಪಾರದೋರು ಅನ್ಕಂಡೆ." ಯಾಪಾರದವರನ್ನು ಯಾರೂ ಅವ್ವ ಎನ್ನುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆಯಿತು. ಆ ಸಂಜೆ ಎದುರು ಮನೆಯಲ್ಲಿ ಕಾಗೆ ಇರಲಿಲ್ಲ, ಆದರೂ ಬೈಗುಳ ಕೇಳಿಸಿತು. ಮುಂದಿನ ವಾರ ಒಂದು ಚೀಲ ಕಾಯಿ ಪಿರಿಯಾಪಟ್ಟಣದ ಬಸ್ಸು ಹತ್ತಿತು. ಮರಗಳ ಪಾಲಿನ ಮಾತು ಇನ್ನೂ ಮುಗಿದಿಲ್ಲ.

ಅನುಮಾನ ಹೋಯಿತು ಎಂದುಕೊಳ್ಳಬೇಡಿ, ಮಗ್ಗುಲು ಬದಲಿಸಿತು. ಈಗ ರತ್ನಕ್ಕ ದಿನವೂ ಕೇಳುತ್ತಾಳೆ, "ಇವತ್ತು ಯಾರನ್ನ ಬರ್ದೆ?" ನುಗ್ಗೆ ಮರದ ಬಗ್ಗೆ ಎಂದರೆ ಮುಖ ಊದಿಸಿಕೊಳ್ಳುತ್ತಾಳೆ. ಮರ ತನಗಿಂತ ಹೆಚ್ಚಾಯಿತೇ ಎಂಬ ಸಂಶಯ. ಹೋದ ತಿಂಗಳು ಅವಳಿಂದ ನನಗೆ ಒಂದು ವಾಯ್ಸ್ ಮೆಸೇಜ್ ಬಂತು. ಬೆಳಿಗ್ಗೆ, ಎದುರು ಬಾಗಿಲ ಹಿಂದಿನಿಂದ.

"ಭಾಗ್ಯ ಜಗ್ಲಿ ಮ್ಯಾಲೆ ಕುಂತವ್ಳೆ. ತಲೆ ಬಾಚಿಲ್ಲ. ದೊಡ್ ಕೆಲ್ಸ ಮಾಡೋಳಂಗೆ ಮಕ ಮಾಡ್ಕಂಡವ್ಳೆ. ಪಕ್ಕದಲ್ಲಿರೋ ಕಾಫಿ ಲೋಟಕ್ಕೆ ಕೋಳಿ ಬಾಯಿ ಹಾಕ್ತಾ ಅದೆ. ನಾನ್ ಯೋಳಾಕಿಲ್ಲ."

ತಿರುಗಿ ನೋಡುವಷ್ಟರಲ್ಲಿ ಲೋಟ ಉರುಳಿತ್ತು. ಆ ಮಾತುಗಳನ್ನು ಹಾಗೆಯೇ ಟೈಪ್ ಮಾಡಿ, ಯಾರದೆಂದು ಹೇಳದೆ ಸುನಂದಳಿಗೆ ಕಳಿಸಿದೆ. ತಕ್ಷಣ ಉತ್ತರ ಬಂತು: "ಇದು ನೀನು ಬರ್ದಿದ್ದಲ್ಲ. ಇಷ್ಟು ಚೆನ್ನಾಗಿ ನಿನಗೆ ಬರಲ್ಲ."

ಬರೆಯುವ ಅಭ್ಯಾಸ ನನಗೆ ಅಂಟಿದೆಯೋ ಇಲ್ಲವೋ ಖಚಿತವಾಗಿ ಹೇಳಲಾರೆ. ಜಗುಲಿಗೆ ಬರುವ ಮೊದಲು ತಲೆ ಬಾಚಿಕೊಳ್ಳುವುದು ಮಾತ್ರ ಅಂಟಿದೆ.