ಪಕ್ಕದ ಮನೆಯ ಅಣ್ಣನ ಬಲಗೈ

ಹೋದ ತಿಂಗಳು ನಮ್ಮ ಗ್ರೈಂಡರಿನ ಶಾಫ್ಟು ಸವೆದು ಗಡಗಡ ಸದ್ದು ಮಾಡತೊಡಗಿತು. ಹೊಸದು ತಗೊಂಡುಬಿಡಿ ಅಂದರು ಅಂಗಡಿಯವರು. ಹಳೆಯದನ್ನು ಬಿಸಾಡಲು ನನಗೆ ಮನಸ್ಸು ಬರುವುದಿಲ್ಲ, ಅದೊಂದು ಕಾಯಿಲೆ. ಶಾಫ್ಟನ್ನು ಬಟ್ಟೆ ಚೀಲಕ್ಕೆ ಹಾಕಿಕೊಂಡು ಹಿರಿಯೂರು ಬಸ್‌ಸ್ಟ್ಯಾಂಡಿನ ಹಿಂದೆ ಹೊಸದಾಗಿ ಆಗಿರುವ ಲೇತ್ ಅಂಗಡಿಗೆ ಹೋದೆ. ಒಳಗೆ ಕಾಲಿಟ್ಟಿದ್ದೇ ತಡ, ಕಾದ ಕಬ್ಬಿಣದ ಮೇಲೆ ಎಣ್ಣೆ ಸುಡುವ ವಾಸನೆ ಮೂಗಿಗೆ ಬಡಿಯಿತು, ಅದರ ಜೊತೆಗೆ ಸೀಮೆಎಣ್ಣೆ... ಹದಿನಾಲ್ಕು ವರ್ಷದಿಂದ ನಾನು ಆ ವಾಸನೆ ಇರುವ ಕಡೆ ಹೋಗಿರಲಿಲ್ಲ. ಬೇಕಂತಲೇ ಹೋಗಿರಲಿಲ್ಲ. ಶಾಫ್ಟನ್ನು ಅಲ್ಲೇ ಇಟ್ಟು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. "ಯಾಕಮ್ಮ, ತಲೆ ಸುತ್ತು ಬಂತಾ?" ಅಂತ ಅಂಗಡಿಯವರು ಕೇಳಿದರು. ಹೂಂ ಅಂದೆ.

ಅದು ನಮ್ಮ ಪಕ್ಕದ ಮನೆಯ ಅಣ್ಣನ ಶೆಡ್ಡಿನ ವಾಸನೆ. ಅಣ್ಣ ಅಂದರೆ ಒಡಹುಟ್ಟಿದವರಲ್ಲ. ಇಪ್ಪತ್ತು ವರ್ಷ ಒಂದೇ ಕಾಂಪೌಂಡ್ ಗೋಡೆಯ ಆಚೆ ಈಚೆ ಇದ್ದವರು. ಕಾಲೇಜಿನಲ್ಲಿ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್ ಆಗಿದ್ದರು. ಆಸಿಡ್ಡು, ಗಾಜಿನ ಸಾಮಾನುಗಳ ನಡುವೆಯೇ ಬದುಕಿದ್ದರಿಂದಲೋ ಏನೋ, ಎಲ್ಲದರಲ್ಲೂ ಹುಷಾರು. ಕಾಫಿ ಲೋಟವನ್ನೂ ಎರಡು ಕೈಯಲ್ಲಿ ಹಿಡಿದು ನಿಧಾನಕ್ಕೆ ಕೆಳಗಿಡುವ ಮನುಷ್ಯ. "ನಮ್ಮೋರು ಕಾಫಿನೂ ಆಸಿಡ್ ಥರ ಕುಡೀತಾರೆ" ಅಂತ ಅವರ ಹೆಂಡತಿ, ಅಂದರೆ ನಮ್ಮ ಅತ್ತಿಗೆ, ಗೋಡೆಯ ಮೇಲಿಂದ ನನಗೆ ಹೇಳಿ ನಗುತ್ತಿದ್ದರು.

ಮುಚ್ಚಿಹೋದ ಒಂದು ಎಣ್ಣೆ ಮಿಲ್ಲಿನಿಂದ ಅಣ್ಣ ಹಳೆಯ ಲೇತು ತಂದಿದ್ದರು. ಕಬ್ಬಿಣವನ್ನೋ ಹಿತ್ತಾಳೆಯನ್ನೋ ಚಕ್ಕಿನ ಮೂರು ಹಲ್ಲುಗಳ ನಡುವೆ ಕಚ್ಚಿಸಿ, ಗಿರಗಿರ ತಿರುಗಿಸಿ ಕೆತ್ತುವ ಯಂತ್ರ. ಅದನ್ನು ಟೆಂಪೋದಿಂದ ಇಳಿಸಲು ಆರು ಜನ ಬೇಕಾದರು. ಮನೆ ಪಕ್ಕದ ತಗಡಿನ ಶೆಡ್ಡಿನಲ್ಲಿ ಕೂರಿಸಿದರು. ಆ ಮಿಲ್ಲಿನಲ್ಲೇ ದುಡಿದಿದ್ದ ವಯಸ್ಸಾದ ಫಿಟ್ಟರ್ ಒಬ್ಬರು ಭಾನುವಾರ ಭಾನುವಾರ ಬಂದು ಕೆಲಸ ಹೇಳಿಕೊಟ್ಟರು. ಜೀವನಕ್ಕಾಗಿ ಅಲ್ಲ, ಬರೀ ಹುಚ್ಚಿಗೆ. ಒಂದು ತೂಗುಗುಂಡು ಮಾಡಿದರು, ಗಾರೆ ಕೆಲಸದವರಿಗೆ ಕೊಡದೆ ಟೀವಿ ಮೇಲಿಟ್ಟರು. "ಒಂದು ಬುಗುರಿಗೆ ಒಂದು ವಾರನಾ ಅಣ್ಣಾ, ಸಂತೇಲಿ ಡಜನ್ ಸಿಗ್ತಾವೆ" ಅಂತ ನಾನು ರೇಗಿಸುತ್ತಿದ್ದೆ. ಅವರು ಆ ಕಬ್ಬಿಣದ ಬುಗುರಿಯನ್ನು ನೆಲದ ಮೇಲೆ ಆಡಿಸಿ, "ಅಲ್ಲಾಡ್ತೈತೇನು ನೋಡಮ್ಮ" ಅನ್ನುತ್ತಿದ್ದರು. ಅಲ್ಲಾಡುತ್ತಿರಲಿಲ್ಲ. ತಿರುಗುತ್ತಿದೆಯೋ ಸುಮ್ಮನೆ ನಿಂತಿದೆಯೋ ತಿಳಿಯುತ್ತಿರಲಿಲ್ಲ.

ಲೇತ್ ಹಾಕುವ ಮುಂಚೆ ಅವರದೊಂದು ಕ್ರಮ ಇತ್ತು. ವಾಚು ಬಿಚ್ಚಿ ಮೊಳೆಗೆ ಹಾಕುವರು, ಉಂಗುರ ಬಿಚ್ಚಿ ಡಬ್ಬಿಗೆ. ತುಂಬು ತೋಳಿನ ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ನಿಲ್ಲುವರು. ನೆಲದ ಮೇಲೆ ಕೆಂಪು ಬಣ್ಣದ ಒಂದು ಗೆರೆ ಎಳೆದಿದ್ದರು, ನೋಡುವವರು ಅದರ ಆಚೆಯೇ ನಿಲ್ಲಬೇಕು. ನಾನು ಹೋದರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ತನಕ ಸ್ವಿಚ್ಚು ಮುಟ್ಟುತ್ತಿರಲಿಲ್ಲ. "ಬಟ್ಟೆ, ದಾರ, ಕೂದ್ಲು, ಈ ಮೂರು ಅಂದ್ರೆ ಇದಕ್ಕೆ ಪ್ರಾಣ ತಂಗಿ. ತುದಿ ಸಿಕ್ರೆ ಸಾಕು, ಕೈನೇ ಎಳ್ಕಂತೈತೆ" ಅನ್ನುತ್ತಿದ್ದರು. ಗ್ಲೌಸ್ ಹಾಕಿಕೊಂಡು ಲೇತ್ ಮಾಡುವವನನ್ನು ಕಂಡರೆ ಕಪಾಳಕ್ಕೆ ಬಾರಿಸಬೇಕು ಅಂತ ಫಿಟ್ಟರು ಹೇಳಿಕೊಟ್ಟಿದ್ದರಂತೆ. ಆ ಮಾತನ್ನು ಅಣ್ಣ ನನಗೇ ನಾಲ್ಕೈದು ಸಲ ಹೇಳಿದ್ದರು, ಅಂಗನವಾಡಿಯ ಟೀಚರಾದ ನಾನೇನೋ ನಾಳೆ ಲೇತ್ ಅಂಗಡಿ ಇಡುವವಳ ಹಾಗೆ.

ನನ್ನ ಮಗಳ ಮದುವೆ ಗೊತ್ತಾದಾಗ ಅವಳಪ್ಪ ತೀರಿಹೋಗಿ ಮೂರು ವರ್ಷವಾಗಿತ್ತು. ಗಂಡನಿಲ್ಲದವಳು ಧಾರೆ ಎರೆಯುವಂತಿಲ್ಲ, ಮಂಟಪ ಹತ್ತುವಂತಿಲ್ಲ. ಅದು ಯಾರ ಶಾಸ್ತ್ರ ಅಂತ ಇವತ್ತಾದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಅವತ್ತು ಬಾಯಿ ಮುಚ್ಚಿಕೊಂಡು ಒಪ್ಪಿದೆ. ಧಾರೆಗೆ ಅಣ್ಣ ಅತ್ತಿಗೆ ಕೂತರು. ಅವರಿಗೆ ಮಕ್ಕಳಿರಲಿಲ್ಲ. ಪುರೋಹಿತರು ಅರಿಶಿನದ ಕೊಂಬು ಕಟ್ಟಿದ ಕಂಕಣವನ್ನು ಅಣ್ಣನ ಬಲಗೈಗೆ ಬಿಗಿಯುವಾಗ ನಾನು ಕಂಬದ ಹಿಂದೆ ನಿಂತು ನೋಡಿದೆ. ಅಣ್ಣನ ಕಣ್ಣಲ್ಲಿ ನೀರಿತ್ತು. ನಾನು ಅತ್ತಿದ್ದೆಲ್ಲ ಅತ್ತಾಗಿತ್ತು.

ಗಂಡಿನ ಮನೆ ಹೊಳಲ್ಕೆರೆ. ಮಗಳು ಅಳಿಯ ಅಲ್ಲಿಗೆ ಹೋಗಿ, ಐದನೇ ದಿನ ವಾಪಸು ಬಂದ ಮೇಲೆ ನಮ್ಮ ಮನೆಯಲ್ಲಿ ಎಲ್ಲರ ಕಂಕಣ ಬಿಚ್ಚುವ ಶಾಸ್ತ್ರ. ಅಷ್ಟರಲ್ಲಿ ಬೀಗರ ದಾಯಾದಿಗಳಲ್ಲಿ ಯಾರೋ ಮುದುಕರು ತೀರಿಕೊಂಡರು. ಸೂತಕ ಕಳೆಯುವವರೆಗೂ ಶಾಸ್ತ್ರ ಇಲ್ಲ, ಕಂಕಣ ಕೈಯಲ್ಲೇ ಇರಬೇಕು ಅಂತ ಫೋನ್ ಬಂತು. ಮದುವೆಯ ಬೆನ್ನಿಗೇ ಸಾವು... ಹೆಣ್ಣಿನ ಕಾಲ್ಗುಣ ಅಂತ ಅಲ್ಲಿ ಒಂದಿಬ್ಬರು ಆಗಲೇ ಪಿಸುಗುಟ್ಟಿದರು ಅಂತ ಮಗಳು ಅತ್ತುಕೊಂಡು ಹೇಳಿದಳು.

ಅಣ್ಣ ಅವಳಿಗಾಗಿ ಹಿತ್ತಾಳೆಯ ಕುಂಕುಮದ ಭರಣಿ ಮಾಡುತ್ತಿದ್ದರು. ತಿರುಪಿನ ಮುಚ್ಚಳದ್ದು. ಮದುವೆ ಓಡಾಟದಲ್ಲಿ ಅರ್ಧಕ್ಕೆ ನಿಂತಿತ್ತು. ನಾನು ಬಾಯಿ ಸುಮ್ಮನಿರದೆ ಬೀಗಿತ್ತಿಯ ಎದುರಿಗೆ, ನಮ್ಮಣ್ಣ ಕೈಯಾರೆ ಮಾಡಿದ ಭರಣಿ ಕೊಟ್ಟು ಕಳಿಸುತ್ತೇನೆ ಅಂತ ಜಂಬ ಕೊಚ್ಚಿಕೊಂಡಿದ್ದೆ. ಶಾಸ್ತ್ರಕ್ಕೆ ನಾಲ್ಕು ದಿನ ಇದೆ ಅನ್ನುವಾಗ ಅಣ್ಣ ಗೋಡೆ ಹತ್ತಿರ ಬಂದು ಕೈ ತೋರಿಸಿದರು.

"ಇದನ್ನ ಬಿಚ್ಚಿ ದೇವ್ರ ಮುಂದಿಟ್ಟು, ಕೆಲಸ ಮುಗಿಸಿ ಮತ್ತೆ ಕಟ್ಕಳ್ಳಲಾ ತಂಗಿ?"

"ಬ್ಯಾಡಣ್ಣಾ. ಮೊದ್ಲೇ ಮಾತಾಡಾಕೆ ಕಾಯ್ತಾ ಅವ್ರೆ. ಬಿಚ್ಚಿದ್ದು ಗೊತ್ತಾದ್ರೆ ನನ್ ಮಗಳನ್ನ ಸುಮ್ನೆ ಬಿಡ್ತಾರಾ?"

"ಹಂಗಾರೆ ಭರಣಿ ಆಮೇಲೆ ಕೊಡಾಣ ಬಿಡು."

"ಬೀಗಿತ್ತಿಗೆ ಹೇಳಿಬಿಟ್ಟಿದೀನಣ್ಣಾ" ಅಂದೆ. ಅವರು ಕಂಕಣವನ್ನು ಮೇಲಕ್ಕೆ ಸರಿಸಿ ನೋಡಿದರು. ಆಮೇಲೆ "ಆಯ್ತು, ನೋಡ್ತೀನಿ" ಅಂತ ಹೋದರು. ಇಷ್ಟೇ ಮಾತು. ನೂರು ಸಲ ಇದನ್ನು ತಿರುವಿ ಹಾಕಿದ್ದೇನೆ. ಎರಡರಲ್ಲಿ ಒಂದನ್ನಾದರೂ ಬಿಟ್ಟುಕೊಡಬಹುದಿತ್ತು ನಾನು.

ಮಾರನೇ ದಿನ ಮಧ್ಯಾಹ್ನ ಹಿತ್ತಿಲಲ್ಲಿ ಮದುವೆಯ ಪಾತ್ರೆಗಳಿಗೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದೆ. ಲೇತಿನ ಸದ್ದು ಬರುತ್ತಿತ್ತು. ಇದ್ದಕ್ಕಿದ್ದಂತೆ ಬೆಲ್ಟು ಕಿರ್ರೆಂದು ಜಾರಿತು, ಸದ್ದು ನಿಂತಿತು. ಅತ್ತಿಗೆ ನನ್ನ ಹೆಸರು ಹಿಡಿದು ಕೂಗಿದರು. ಓಡಿದೆ. ಸೆರಗು ಸಿಕ್ಕಿಸಿಕೊಳ್ಳಲಿಲ್ಲ, ಗೆರೆ ನೋಡಲಿಲ್ಲ.

ಅಣ್ಣ ಕಂಕಣದ ಮೇಲೆ ರಬ್ಬರ್ ಬ್ಯಾಂಡ್ ಬಿಗಿದು ತುದಿಗಳನ್ನು ಒಳಗೆ ತೂರಿಸಿಕೊಂಡಿದ್ದರಂತೆ. ಮುಚ್ಚಳಕ್ಕೆ ಹೊಳಪು ಬರಿಸಲು ಎಮರಿ ಕಾಗದ ಹಿಡಿದು ಉಜ್ಜುವಾಗ ರಬ್ಬರ್ ಬ್ಯಾಂಡ್ ಕಿತ್ತುಹೋಯಿತು. ಐದೆಳೆ ಹುರಿ ಮಾಡಿದ ಹತ್ತಿಯ ದಾರ ಅದು, ಬೇಗ ಹರಿಯುವುದಿಲ್ಲ. ಕೈಯನ್ನು ಎಳೆದುಕೊಂಡುಹೋಗಿ ಚಕ್ಕಿನ ಹಲ್ಲುಗಳಿಗೆ ಕೊಟ್ಟಿತ್ತು. ಅತ್ತಿಗೆ ಸ್ವಿಚ್ಚು ಆರಿಸುವ ಹೊತ್ತಿಗೆ... ನಾನು ಕಂಡದ್ದನ್ನು ಬರೆಯುವುದಿಲ್ಲ. ಅಣ್ಣ ನೆಲದ ಮೇಲೆ ಕೂತಿದ್ದರು. ಮುಖ ಸುಣ್ಣದಂತಾಗಿತ್ತು. ನನ್ನನ್ನು ನೋಡಿ, ಚಕ್ಕಿಗೆ ಸುತ್ತಿಕೊಂಡಿದ್ದ ಕಂಕಣದ ಕಡೆ ಗಲ್ಲ ಎತ್ತಿ, "ಅದನ್ನ ಬಿಡ್ಸು ಮೊದ್ಲು. ಯಾರ ಕಣ್ಣಿಗೂ ಬೀಳ್ಬಾರ್ದು" ಅಂದರು.

ಬಿಡಿಸಿದೆ. ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಆಮೇಲೆ ಆಟೋ ಕರೆದದ್ದು.

ಹಿರಿಯೂರಿನಲ್ಲಿ ಕಟ್ಟು ಕಟ್ಟಿ ಚಿತ್ರದುರ್ಗಕ್ಕೆ ಕಳಿಸಿದರು. ಅಲ್ಲಿ ಬಲಗೈಯ ಮೂರು ಬೆರಳು ತೆಗೆದರು. ಉಳಿದೆರಡು ಇದ್ದೂ ಇಲ್ಲದ ಹಾಗಾದವು. ಮಾರನೇ ದಿನ ಫಿಟ್ಟರು ನೋಡಲು ಬಂದು ಹೇಗಾಯಿತು ಅಂತ ಕೇಳಿದಾಗ, ಅತ್ತಿಗೆ ನಾನು ಇಬ್ಬರೂ ಮಂಚದ ಪಕ್ಕದಲ್ಲೇ ಇದ್ದೆವು. ಅಣ್ಣ ಸೂರು ನೋಡುತ್ತಾ, "ಗ್ಲೌಸ್ ಹಾಕ್ಕಂಡಿದ್ದೆ" ಅಂದರು.

ಫಿಟ್ಟರು ನಂಬಲಿಲ್ಲ. "ಗ್ಲೌಸಾ? ನೀವಾ?" ಅಂದರು. ಅಣ್ಣ ಮತ್ತೆ ಅದನ್ನೇ ಹೇಳಿದರು. ಮುದುಕರು ತಂದಿದ್ದ ಮೂಸಂಬಿ ಕಿಟಕಿಯಲ್ಲಿಟ್ಟು ಹೊರಟುಹೋದರು. ಆಮೇಲೆ ಯಾವ ಭಾನುವಾರವೂ ಆ ಶೆಡ್ಡಿಗೆ ಬರಲಿಲ್ಲ. ಕಂಕಣದಿಂದ ಆಯಿತು ಅಂದರೆ ಅದೂ ಮಗಳ ಕಾಲ್ಗುಣದ ಲೆಕ್ಕಕ್ಕೇ ಸೇರುತ್ತಿತ್ತು. ಆದರೂ ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಶಾಸ್ತ್ರದ ದಿನ ಅಣ್ಣನ ಕಂಕಣ ಎಲ್ಲಿ ಅಂತ ಬೀಗರು ಕೇಳಿದರು. ಆಸ್ಪತ್ರೆಯಲ್ಲಿ ಕತ್ತರಿಸಿದರು ಅಂದೆ. ಡಾಕ್ಟರು ಕತ್ತರಿಸಿದರೆ ದೋಷ ಇಲ್ಲ ಅಂದರು ಪುರೋಹಿತರು. ಸೆರಗಿನ ಗಂಟಿನಲ್ಲಿದ್ದ ಕಂಕಣವನ್ನು ಅದರ ಹಿಂದಿನ ದಿನವೇ ಸೇತುವೆ ಮೇಲಿಂದ ವೇದಾವತಿಗೆ ಎಸೆದು ಬಂದಿದ್ದೆ.

ಬೆರಳು ಹೋದದ್ದಕ್ಕೆ ಅಣ್ಣ ಹೇಗೋ ಒಗ್ಗಿಕೊಂಡರು. ಎಡಗೈಯಲ್ಲಿ ಉಂಡರು, ಎಡಗೈಯಲ್ಲಿ ಸಹಿ ಕಲಿತರು, ಭಾನುವಾರ ಲೇತಿಗೆ ಎಣ್ಣೆ ಸವರಿ ಒರೆಸಿ ಗೋಣಿಚೀಲ ಹೊದಿಸುತ್ತಿದ್ದರು. ಮತ್ತೆ ಓಡಿಸಲಿಲ್ಲ. ಒಗ್ಗದೆ ಉಳಿದದ್ದು ಬೇರೆ. ಮುಂಚೆ ಬೋರ್‌ವೆಲ್ ಮೆಕ್ಯಾನಿಕ್ಕುಗಳೆಲ್ಲ ಗೋಡೆ ಹತ್ತಿರ ಗಾಡಿ ನಿಲ್ಲಿಸಿ, ಅಣ್ಣ ಇದಕ್ಕೇನು ಮಾಡಾಣ ಅಂತ ಕೇಳುತ್ತಿದ್ದರು. ಒಂದು ಸಲ ನಮ್ಮ ಬೀದಿಯ ಪಂಪು ಬಿಚ್ಚಿದಾಗ ಅಣ್ಣ ಹೋಗಿ, "ಆ ಬುಷ್ಷು ಹಂಗೆ ಬಡೀಬ್ಯಾಡ್ರಿ, ಸೀಳ್ತೈತೆ" ಅಂದರು. ರಿಪೇರಿ ಮಾಡುತ್ತಿದ್ದವನು ಅವರ ಕೈಯನ್ನೊಮ್ಮೆ ನೋಡಿ ಪಕ್ಕದವನಿಗೆ ಕಣ್ಣು ಹೊಡೆದ. "ಗ್ಲೌಸ್ ಹಾಕ್ಕಂಡು ಬಡೀಲೇನ್ರಿ?" ಅಂದ. ನಾಲ್ಕು ಜನ ನಕ್ಕರು. ನೀರಿಗೆ ನಿಂತ ಸಾಲಿನಲ್ಲಿ ಬಿಂದಿಗೆ ಹಿಡಿದು ನಾನೂ ಇದ್ದೆ. ಅಣ್ಣನೂ ನಕ್ಕ ಹಾಗೆ ಮಾಡಿ, ಕೈಯನ್ನು ಪಂಚೆಯ ಮಡಿಕೆಯಲ್ಲಿ ಇಟ್ಟುಕೊಂಡು ಮನೆಗೆ ಹೋದರು. ಅವತ್ತಿನಿಂದ ಬೀದಿಯ ಯಾವ ಕೆಲಸಕ್ಕೂ ಬಂದು ನಿಲ್ಲಲಿಲ್ಲ.

ನಾಲ್ಕು ವರ್ಷದ ಹಿಂದೆ ಅಣ್ಣ ತೀರಿಕೊಂಡರು, ಎದೆನೋವಿನಿಂದ. ಮಣ್ಣು ಮಾಡಲು ಬಂದವರಲ್ಲಿ ಯಾರೋ, ಬಂಗಾರದಂಥ ಮನುಷ್ಯ, ಹುಷಾರು ಒಂದು ಸಾಲದು ಅಂದದ್ದು ನನ್ನ ಕಿವಿಗೆ ಬಿತ್ತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಲೇತು ಗುಜರಿಯವರ ಪಾಲಾಯಿತು. ಅತ್ತಿಗೆ ಹೊಸದುರ್ಗದಲ್ಲಿ ತಮ್ಮನ ಮನೆ ಸೇರಿದರು.

ಲೇತ್ ಅಂಗಡಿಯಿಂದ ಬಂದ ಮೇಲೆ ನನಗೆ ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಹೊಸದುರ್ಗದ ಬಸ್ಸು ಹತ್ತಿದೆ. ಅತ್ತಿಗೆ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನಾನೂ ಕೂತು ಸುಲಿಯತೊಡಗಿದೆ. ಸ್ವಲ್ಪ ಹೊತ್ತಾದ ಮೇಲೆ, ಮಗಳಿಗೆ ನಿಜ ಹೇಳಿಬಿಡುತ್ತೇನೆ, ಬೀಗರಿಗೂ ಹೇಳುತ್ತೇನೆ ಅಂದೆ. ಅತ್ತಿಗೆ ಕೈ ನಿಲ್ಲಿಸಲಿಲ್ಲ.

"ನಿನ್ ಮೊಮ್ಮಗಳು ಹುಟ್ಟಿದಾಗ ಹೇಳ್ತೀಯ ಅನ್ಕಂಡಿದ್ರು ಅವ್ರು" ಅಂದರು. "ಬೀಗ್ರೆಲ್ಲ ಖುಷಿಯಾಗವ್ರೆ, ಇನ್ನೇನ್ ಭಯ ಐತೆ, ಇವತ್ತು ತಂಗಿ ಹೇಳ್ತಾಳೆ ನೋಡು ಅಂತ ಹೊಸ ಅಂಗಿ ಹಾಕ್ಕಂಡು ನಿಮ್ಮನೆ ನಾಮಕರಣಕ್ಕೆ ಬಂದ್ರು. ಫಿಟ್ರುನೂ ಕರ್ದಿದ್ದೆಯಲ್ಲ ನೀನು, ಅವರ ಪಕ್ಕಕ್ಕೇ ಹೋಗಿ ಕುಂತ್ರು. ವಾಪಸ್ ಬಂದು ಅಂಗಿ ಬಿಚ್ಚಿ ಮಡಚಿಟ್ರು. ಆಮೇಲೆ ಆ ಮಾತು ಎತ್ಲಿಲ್ಲ."

ನನಗೆ ಆ ನಾಮಕರಣ ಚೆನ್ನಾಗಿ ನೆನಪಿದೆ. ಫಿಟ್ಟರು ಎದ್ದು ಬೇರೆ ಪಂಕ್ತಿಗೆ ಹೋದದ್ದೂ ನೆನಪಿದೆ. ನಾನು ಹೋಳಿಗೆ ಬಡಿಸುತ್ತಿದ್ದೆ, ಅಣ್ಣನ ಎಲೆಗೆ ಎರಡು ಹಾಕಿ ಮುಂದಕ್ಕೆ ಹೋದೆ.

"ಈಗ ಯಾರಿಗ್ ಬೇಕಾದ್ರೂ ಹೇಳ್ಕ" ಅಂದರು ಅತ್ತಿಗೆ. ಸಿಟ್ಟಿರಲಿಲ್ಲ ಅವರ ದನಿಯಲ್ಲಿ. ಸಿಟ್ಟಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಊರಿಗೆ ಬಂದು ಫಿಟ್ಟರ ಮನೆ ಹುಡುಕಿಕೊಂಡು ಹೋದೆ. ಅವರಿಗೀಗ ಕಿವಿ ಕೇಳಿಸುವುದಿಲ್ಲ, ಬಂದಿರುವ ನಾನು ಯಾರೆಂಬುದೂ ತಿಳಿಯಲಿಲ್ಲ. ಆದರೂ ಅವರ ಮಂಚದ ಹತ್ತಿರ ಕೂತು ಗಟ್ಟಿಯಾಗಿ ಹೇಳಿದೆ, ಅವರ ಸೊಸೆ ಅಡುಗೆಮನೆಯಿಂದ ಬಂದು ನೋಡುವಷ್ಟು ಗಟ್ಟಿಯಾಗಿ. ನಮ್ಮಣ್ಣ ಗ್ಲೌಸ್ ಹಾಕಿರಲಿಲ್ಲ. ಒಂದು ದಿನವೂ ಹಾಕಿರಲಿಲ್ಲ.