ಏಕಾದಶಿಯ ಕಾಫಿಗೆ ಬಂದ ಇಬ್ಬರು ‘ಹಿರಿಯರು’

ಕೇಳ್ರಪ್ಪಾ, ಮರಾಠಿ ಸೀಮೆಯ ಅಂಬರನಾಥದಾಚೆಯ ನಮ್ಮ ಹಳ್ಳಿಗೂ ಇವತ್ತು ಮಾರ್ಮನ್ ಎಂಬ ಕ್ರೈಸ್ತ ಪಂಥದ ಪ್ರಚಾರಕರು ಬಂದಿದ್ದರು. ಇಬ್ಬರು ಹುಡುಗರು, ಈ ಸುಡುಬಿಸಿಲಲ್ಲೂ ಕೊರಳಿಗೆ ಟೈ, ಎದೆಯ ಮೇಲೆ ‘ಎಲ್ಡರ್’ ಎಂಬ ಬಿಲ್ಲೆ. ಒಬ್ಬ ಮೈಸೂರಿನವನು, ಬಾಗಿಲ ಮೇಲಿನ ಕನ್ನಡ ಹೆಸರು ನೋಡಿ ಬೆಲ್ ಒತ್ತಿದನಂತೆ.

“ಎಲ್ಡರ್ ಅಂದ್ರೆ ಎಂತ?” ಎಂದರು ನನ್ನ ಉಡುಪಿಯ ಅತ್ತೆ.

“ಹಿರಿಯರು ಅಂತ, ಅಜ್ಜಿ.”

“ಮೀಸೆ ಇನ್ನೂ ಬರ್ಲಿಲ್ಲ, ಹಿರಿಯನಂತೆ! ಕೂತ್ಕೊ, ಕಾಫಿ ಕುಡಿ.”

“ಬೇಡ ಅಜ್ಜಿ. ನಮ್ಮ ಧರ್ಮದಲ್ಲಿ ಕಾಫಿ, ಟೀ ಎರಡೂ ಕುಡಿಯೋ ಹಾಗಿಲ್ಲ.”

ಅತ್ತೆ ಬೆಚ್ಚಿಬಿದ್ದರು. “ಇವತ್ತು ಏಕಾದಶಿ. ನಂದು ನೀರೂ ಮುಟ್ಟದ ಉಪವಾಸ. ನಾನೇ ಕಾಫಿ ಬಿಟ್ಟಿಲ್ಲ ಮಾರಾಯ! ನಿಮ್ಮ ದೇವರಿಗೆ ಕರುಣೆ ಇಲ್ವಾ?”

ಮೈಸೂರಿನವನು ಡಿಕಾಕ್ಷನ್ ಘಮ ಬಂದ ಕಡೆಗೊಮ್ಮೆ ನೋಡಿ ತಲೆ ತಗ್ಗಿಸಿದ. ಧರ್ಮದ ಪುಸ್ತಕ ಚೀಲದಿಂದ ಹೊರಗೆ ಬರಲೇ ಇಲ್ಲ. ಇಬ್ಬರೂ ಮಜ್ಜಿಗೆ ಕುಡಿದು ಹೊರಟರು.

“ಭಾರೀ ಕಟ್ಟುನಿಟ್ಟಿನ ಧರ್ಮ. ನಮ್ಮಿಂದ ಆಗ್ಲಿಕ್ಕಿಲ್ಲ,” ಎಂದು ತೀರ್ಪು ಕೊಟ್ಟ ಅತ್ತೆ, ಅವರಿಗಾಗಿ ಬೆರೆಸಿದ್ದ ಎರಡು ಲೋಟ ಕಾಫಿಯನ್ನೂ ತಾವೇ ಕುಡಿದು ಮುಗಿಸಿದರು. ನೀರೂ ಮುಟ್ಟದ ಉಪವಾಸಕ್ಕೆ ಮಾತ್ರ ಇನ್ನೂ ಭಂಗ ಬಂದಿಲ್ಲ.