ಹಗೇವಿನ ಅಂಚಿನಲ್ಲಿ ಡಾಕ್ಟರ್ ಅಕ್ಕಾರು

ಕುಂದಗೋಳದ ಆಚೆಯ ಒಂದು ಹಳ್ಳಿ. ಸೂರ್ಯ ಇನ್ನೂ ಮೂಡಿಲ್ಲ. ಬಾಣಂತಿಯೊಬ್ಬಳನ್ನು ನೋಡಿ ಮೊದಲ ಬಸ್ಸಿಗೆ ಹೊರಟಿರುವ ಡಾ. ಶಿವಗಂಗವ್ವ ಯರಗುಪ್ಪಿ, ಓಣಿಯ ತಿರುವಿನಲ್ಲಿ ಕೂಗಾಟ ಕೇಳಿ ಅತ್ತ ಓಡುತ್ತಾರೆ. ಶಂಭುಲಿಂಗಪ್ಪನವರ ಮನೆ ಮುಂದೆ ಹಗೇವು ತೆಗೆದಿದ್ದಾರೆ. ನೆಲದೊಳಗೆ ಜೋಳ ತುಂಬಿಡುವ ಆ ಗುಂಡಿಗೆ ಈಗಷ್ಟೇ ಇಳಿದ ಹಿರಿಯ ಮಗ ಮಡಿವಾಳೆಪ್ಪ ಎಷ್ಟು ಕರೆದರೂ ಓಗೊಡುತ್ತಿಲ್ಲ. ತಮ್ಮ ಶಂಕ್ರಪ್ಪ ಧೋತರ ಎತ್ತಿ ಕಟ್ಟಿ ಧುಮುಕಲು ನಿಂತಿದ್ದಾನೆ.

ಡಾಕ್ಟರು ಅವನ ರಟ್ಟೆ ಹಿಡಿಯುತ್ತಾರೆ. "ಸುಮ್ನ ಇಳದ್ರ ನೀನೂ ಅಲ್ಲೇ ಬೀಳ್ತಿ. ಮೊದಲ ನಡಕ್ಕ ಹಗ್ಗ ಕಟ್ಟು. ಉಸರು ಬಿಗಿ ಹಿಡದು ಇಳಿ, ಅಣ್ಣನ ಬಗಲಾಗ ಇನ್ನೊಂದು ಹಗ್ಗ ಹಾಕು, ಕೂಡ್ಲೆ ಮ್ಯಾಲ ಬಾ."

ಮುಚ್ಚಿಟ್ಟ ಹಗೇವಿನೊಳಗೆ ಉಸಿರುಗಟ್ಟಿಸುವ ಗಾಳಿ ತುಂಬಿರುತ್ತದೆ. ಅದಕ್ಕೇ ಒಂದು ದಿನ ಬಾಯಿ ತೆರೆದಿಟ್ಟು, ಉರಿಯುವ ಕಂದೀಲು ಇಳಿಸಿ ನೋಡಿ, ಅದು ಆರದಿದ್ದರಷ್ಟೇ ಮನುಷ್ಯ ಇಳಿಯುವುದು ಈ ಎರೆ ಮಣ್ಣಿನ ಸೀಮೆಯ ವಾಡಿಕೆ. ಇವರೂ ಕಂದೀಲು ಇಳಿಸಿದ್ದರು. ಅದು ಆರಿತು. ಎಣ್ಣೆ ತೀರಿರಬೇಕು ಎಂದುಕೊಂಡು ಮಡಿವಾಳೆಪ್ಪ ಇಳಿದುಬಿಟ್ಟ. ಜೋಳ ಹೇರಿ ಸಂತೆಗೆ ಹೊರಡಬೇಕಾದ ಗಾಡಿ ಕಾಯುತ್ತಿತ್ತಲ್ಲ.

ಜನ ಹಗ್ಗ ಜಗ್ಗುತ್ತಾರೆ. ಶಂಕ್ರಪ್ಪ ಏದುಸಿರು ಬಿಡುತ್ತ ಮೇಲೆ ಬರುತ್ತಾನೆ, ಹಿಂದೆ ಅವನ ಅಣ್ಣ. ನಾಡಿ ಸಣ್ಣಗೆ ಆಡುತ್ತಿದೆ, ಉಸಿರಿಲ್ಲ. ಶಿವಗಂಗವ್ವ ಮಡಿವಾಳೆಪ್ಪನ ತಲೆ ಹಿಂದಕ್ಕೆ ಬಾಗಿಸಿ, ಮೂಗು ಒತ್ತಿ ಹಿಡಿದು, ಬಾಯಿಗೆ ಬಾಯಿ ಹಚ್ಚಿ ಊದುತ್ತಾರೆ. ಹೆಂಗಸರು ಮುಖದ ಮೇಲೆ ಸೆರಗು ಎಳೆದುಕೊಳ್ಳುತ್ತಾರೆ.

"ಇದೇನ್ರಿ ಅಕ್ಕಾರ, ಪರ ಗಂಡಸಿಗೆ..." ಶಂಭುಲಿಂಗಪ್ಪ ತೊದಲುತ್ತಾರೆ.

"ಉಸರು ನಿಂತಾಂವ ಗಂಡಸೂ ಅಲ್ಲ, ಹೆಂಗಸೂ ಅಲ್ರಿ. ಬಾಜು ಸರೀರಿ."

ಮಡಿವಾಳೆಪ್ಪನ ಹೆಂಡತಿ ಅನ್ನವ್ವ ಮಾವನ ಎದುರು ಎಂದೂ ದನಿ ಎತ್ತಿದವಳಲ್ಲ. ಈಗ ಎತ್ತುತ್ತಾಳೆ. "ಯಾರೂ ಮಾತಾಡಬ್ಯಾಡ್ರಿ. ನೀವು ಊದ್ರಿ ಅಕ್ಕಾರ."

ಡಾಕ್ಟರರ ಈ ಹಟ ಇಂದಿನದಲ್ಲ. ಕಿರಾಣಿ ಅಂಗಡಿಯವರ ಮಗಳು ಹುಬ್ಬಳ್ಳಿಗೆ ಹೋಗಿ ಡಾಕ್ಟರಿಕೆ ಓದುತ್ತೇನೆ ಎಂದಾಗ ಬಳಗವೆಲ್ಲ ಮುಖ ಸಿಂಡರಿಸಿತ್ತು. ಓದಿ ಮುಗಿಸಿ ಅಲ್ಲೇ ನಿಲ್ಲದೆ ಕುಂದಗೋಳಕ್ಕೆ ಮರಳಿದಾಗ ಅದೇ ಬಳಗ ಮತ್ತೊಮ್ಮೆ ಸಿಂಡರಿಸಿತು. ದವಾಖಾನೆಯೇನೋ ಪೇಟೆಯಲ್ಲಿದೆ, ಅರ್ಧ ಕೆಲಸ ನಡೆಯುವುದು ಮಾತ್ರ ದಾರಿಯಲ್ಲಿ. ಬಸ್ಸಿನ ಹಿಂದಿನ ಸೀಟಿನಲ್ಲಿ ಹೆರಿಗೆ ಮಾಡಿಸಿದ್ದಾರೆ. ಗಾಡಿ ಮಗುಚಿ ಕಾಲು ಮುರಿದವನಿಗೆ ಜೋಳದ ದಂಟು ಇಟ್ಟು ಕಟ್ಟಿ ಹುಬ್ಬಳ್ಳಿಗೆ ಸಾಗಿಸಿದ್ದಾರೆ. ಇಂಥವರ ಹೆಸರು ಇಷ್ಟು ದಿನ ಪತ್ರಿಕೆಗೆ ಕಾಣಲಿಲ್ಲವಲ್ಲ ಎಂದು ಇದನ್ನು ಬರೆಯುತ್ತಿರುವ ನಮಗೆ ಸಿಟ್ಟು, ಅವರಿಗಿಲ್ಲ. ದಾರಿಯಲ್ಲೇ ಏಕೆ ಎಂದು ಕೇಳಿದರೆ, "ಮಂದಿ ದವಾಖಾನಿ ಬಾಗಲಾ ನೋಡಿ ಜಡ್ಡು ಬೀಳೂದಿಲ್ಲಲ್ರಿ" ಎಂದು ನಕ್ಕುಬಿಡುತ್ತಾರೆ.

ಊರ ಅಗಸಿ ಬಾಗಿಲ ಕಡೆ ಬಸ್ಸಿನ ಹಾರ್ನು ಕೇಳುತ್ತದೆ, ದೂರವಾಗುತ್ತದೆ. ಅವರು ಊದುತ್ತಲೇ ಇದ್ದಾರೆ. ಕೊನೆಗೆ ಮಡಿವಾಳೆಪ್ಪನ ಎದೆ ತಾನಾಗಿ ಏರುತ್ತದೆ, ಒಂದು ಕೆಮ್ಮು ಬರುತ್ತದೆ. ಅನ್ನವ್ವ ಗಂಡನ ಕಾಲ ಬಳಿ ಕುಸಿದು ಬಿಕ್ಕಿ ಬಿಕ್ಕಿ ಅಳುತ್ತಾಳೆ.

ಸಂತೆಗೆ ಕಾದಿದ್ದ ಗಾಡಿಯಲ್ಲೇ ಹುಲ್ಲು ಹಾಸಿ ಅವನನ್ನು ಮಲಗಿಸುತ್ತಾರೆ, ದೊಡ್ಡ ದವಾಖಾನೆಗೆ ಒಯ್ಯಲು. ತಾವೂ ಹತ್ತುವ ಮುಂಚೆ ಶಿವಗಂಗವ್ವ, ಹಗೇವಿನ ಅಂಚಿನಲ್ಲಿ ಬಿದ್ದಿದ್ದ ಕಂದೀಲನ್ನು ಎತ್ತಿ ಶಂಭುಲಿಂಗಪ್ಪನವರ ಕಿವಿಯ ಹತ್ತಿರ ಅಲುಗಿಸುತ್ತಾರೆ. ಒಳಗೆ ಎಣ್ಣೆ ಕುಲುಕುತ್ತದೆ.

"ಕೇಳ್ರಿ ಕಾಕಾ, ಎಣ್ಣಿ ಇನ್ನೂ ಭರ್ತಿ ಐತಿ. ಕಂದೀಲು ಆರಿತಂದ್ರ ಇಳೀಬ್ಯಾಡ್ರಿ. ಊರ ಮಂದಿಗೆಲ್ಲಾ ಇಷ್ಟು ಹೇಳಿಬಿಡ್ರಿ, ಇನ್ನ ಮ್ಯಾಲ ನನ್ನ ಬಸ್ಸು ತಪ್ಪೂದಿಲ್ಲ."